ಸಹಾಯ ಬೇಕು: ಈ ಸಿಬಿಲ್ ಯಾರು?

ಗೆಳೆಯರೇ, ಹಳೆಯ ಮುದ್ರಿತ ಪುಸ್ತಕಗಳ ಚಿತ್ರಗಳನ್ನು ಬಲ್ಲವರ ನೆರವು ಬೇಕಾಗಿದೆ. ಪ್ಯಾರಿಸ್‌ನಲ್ಲಿ 1500ರ ಆಸುಪಾಸಿನಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕವೊಂದರ ಬಿಡಿ ಹಾಳೆಯ ಚಿತ್ರ ನನ್ನ ಬಳಿ ಇದೆ. ಅದರ ಅಂಚಿನಲ್ಲಿ ಸಿಬಿಲ್ ಒಬ್ಬಳು ನಿಂತಿದ್ದಾಳೆ. ಕ್ರಿಸ್ತನ ಬರವನ್ನು ಮೊದಲೇ ನುಡಿದರೆಂದು ಕ್ರೈಸ್ತರು ಗೌರವಿಸಿದ ಪ್ರಾಚೀನ ಪ್ರವಾದಿನಿಯರಲ್ಲಿ ಒಬ್ಬಳು. ಹೆಸರಿದ್ದ ಸಾಲನ್ನು ಬೈಂಡು ಮಾಡಿದ ಪುಣ್ಯಾತ್ಮ ಕತ್ತರಿಸಿ ಹಾಕಿದ್ದಾನೆ!

ಇಂಥ ಫ್ರೆಂಚ್ ಪುಸ್ತಕಗಳಲ್ಲಿ ಕೈಯಲ್ಲಿರುವ ವಸ್ತುವೇ ಆಯಾ ಸಿಬಿಲ್‌ನ ಗುರುತು: ಪರ್ಷಿಯಾದವಳಿಗೆ ಲಾಂದ್ರ, ಸಾಮೋಸ್‌ನವಳಿಗೆ ತೊಟ್ಟಿಲು, ಯೂರೋಪಾಗೆ ಕತ್ತಿ, ಅಗ್ರಿಪ್ಪಾಗೆ ಚಾವಟಿ. ನನ್ನ ಚಿತ್ರದಲ್ಲಿರುವುದು ತುದಿಯಲ್ಲಿ ತುಸು ಬಾಗಿದ ಉದ್ದನೆಯ ವಸ್ತು. ಮೇಲೆ ಮೂರು ಗೀರುಗಳಿವೆ. ಅವು ಜ್ವಾಲೆಯಾದರೆ ಅದು ಮೇಣದಬತ್ತಿ, ಅಂದರೆ ಲಿಬಿಯಾದ ಸಿಬಿಲ್. ಕೊಂಬಾದರೆ ಮಗುವಿಗೆ ಹಾಲುಣಿಸುವ ಕೊಂಬು ಹಿಡಿದ ಸಿಮ್ಮೇರಿಯಾದವಳು. ನನ್ನ ಒಲವು ಕೊಂಬಿನ ಕಡೆಗೆ.

ರೋಮ್‌ನಲ್ಲಿ 1481ರಲ್ಲಿ ಅಚ್ಚಾದ ಫಿಲಿಪ್ಪೊ ಬಾರ್ಬಿಯೇರಿಯ ಪುಸ್ತಕದಲ್ಲಿ ಹನ್ನೆರಡು ಸಿಬಿಲ್‌ಗಳ ಚಿತ್ರಗಳಿವೆ; ಆದರೆ ಅಲ್ಲಿ ಈ ವಸ್ತುಗಳ ಪದ್ಧತಿ ಇಲ್ಲದ್ದರಿಂದ ಹೋಲಿಕೆಗೆ ಒದಗುವುದಿಲ್ಲ. 1493ರ ನ್ಯೂರೆಂಬರ್ಗ್ ವೃತ್ತಾಂತ ಎಂಬ ಸಚಿತ್ರ ಜಗತ್ತಿನ ಇತಿಹಾಸವನ್ನಂತೂ ನೆಚ್ಚುವಂತಿಲ್ಲ, ಅದರಲ್ಲಿ ಒಂದೇ ಅಚ್ಚುಮರದ ಮುಖ ಹಲವರಿಗೆ ಬಳಕೆಯಾಗಿದೆ.

ಸಿಮೋನ್ ವೋಸ್ತ್ರ್ ಪ್ರಕಟಿಸಿದ ಪ್ರಾರ್ಥನಾ ಪುಸ್ತಕಗಳ ಸ್ಪಷ್ಟ ಸ್ಕ್ಯಾನ್ ಯಾರ ಬಳಿಯಾದರೂ ಇದ್ದರೆ ಸಿಬಿಲ್‌ಗಳಿರುವ ಪುಟಗಳನ್ನು ದಯವಿಟ್ಟು ಹಂಚಿಕೊಳ್ಳಿ. ಲ್ಯಾಟಿನ್ ಬಲ್ಲವರು, ಕೆಳಗೆ ಉಳಿದಿರುವ ಒಂದೂವರೆ ಸಾಲಿನ ಸಂಕ್ಷೇಪಾಕ್ಷರಗಳನ್ನು ಬಿಡಿಸಿಕೊಟ್ಟರೆ ದೊಡ್ಡ ಉಪಕಾರ. ಚಿತ್ರವನ್ನು ಮೊದಲ ಕಮೆಂಟಿನಲ್ಲಿ ಹಾಕಿದ್ದೇನೆ.