ಆರು ತಿಂಗಳ ಮಗುವಿಗೆ ರಾಗಿ ಸರಿ ಎಷ್ಟು ಗಟ್ಟಿ ಇರಬೇಕು?

ಪ್ರಶ್ನೆ (ಬಸವನಗುಡಿಯಿಂದ ಒಬ್ಬ ತಾಯಿ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತದೆ. ನನ್ನ 26 ವಾರಗಳ ಹೆರಿಗೆ ರಜೆಯೂ ಅದೇ ಹೊತ್ತಿಗೆ ಮುಗಿಯುವುದರಿಂದ, ಹಗಲಿನಲ್ಲಿ ಅವಳಿಗೆ ಉಣಿಸುವ ಹೊಣೆ ಅತ್ತೆಯವರದಾಗಲಿದೆ. ರಾಗಿ ಸರಿಯನ್ನು ತೆಳ್ಳಗೆ ಕಾಯಿಸಿ, ಬೆಲ್ಲ ಬೆರೆಸಿ, ಒಳಲೆಯಲ್ಲಿ ಕುಡಿಸಬೇಕೆಂಬುದು ಅವರ ಅಭಿಪ್ರಾಯ. ಗಟ್ಟಿಯಾದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂದು ಅವರು ಹೆದರುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ ಏನು ಹೇಳಬಹುದು? ರಾಗಿಯೊಂದೇ ಸಾಕೇ?

ಉತ್ತರ 1

ಅತ್ತೆಯವರ ಹೆದರಿಕೆ ಸಹಜವಾದದ್ದು, ಆದರೆ ಸರಿಯನ್ನು ತೆಳ್ಳಗೆ ಮಾಡುವುದು ಅದಕ್ಕೆ ಪರಿಹಾರವಲ್ಲ. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 200 ಮಿಲಿಲೀಟರ್ ಮಾತ್ರ. ಅದನ್ನು ನೀರಿನಿಂದಲೇ ತುಂಬಿಸಿದರೆ ಶಕ್ತಿಯೂ ಸಿಗದು, ಎದೆಹಾಲಿಗೆ ಜಾಗವೂ ಉಳಿಯದು. 6ರಿಂದ 8 ತಿಂಗಳವರೆಗೆ ಎದೆಹಾಲಿನ ಜೊತೆಗೆ ಇತರ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ದೊರೆಯಬೇಕು. ಚಮಚವನ್ನು ಓರೆ ಮಾಡಿದಾಗ ಹರಿದುಹೋಗದೆ, ನಿಧಾನವಾಗಿ ಜಾರುವುದೇ ಸರಿಯಾದ ಹದ.

ಒಳಲೆಯನ್ನು ಮಾತ್ರ ದಯವಿಟ್ಟು ಬದಿಗಿಡಿ. ಮಲಗಿಸಿಕೊಂಡು ಬಾಯಿಗೆ ಸುರಿದಾಗ ಮಗು ತನ್ನ ವೇಗದಲ್ಲಿ ನುಂಗಲಾರದು, ಆಹಾರ ಉಸಿರಿನ ದಾರಿಗೆ ಹೋಗುವ ಅಪಾಯವಿರುವುದು ಅಲ್ಲಿಯೇ. ಕತ್ತು ನಿಂತಿದ್ದು, ಆಸರೆ ಕೊಟ್ಟರೆ ಕೂರುವ ಮಗುವನ್ನು ನೆಟ್ಟಗೆ ಕೂರಿಸಿ, ಎರಡು ಮೂರು ಚಮಚದಿಂದ ಆರಂಭಿಸಿ, ಅದು ಬಾಯಿ ತೆರೆಯುವವರೆಗೂ ಕಾಯಬೇಕು. ಮೊದಮೊದಲು ಕೆಮ್ಮಿ ಓಕರಿಸುವುದು ದೇಹದ ರಕ್ಷಣೆಯ ಕ್ರಮ. ಸದ್ದಿಲ್ಲದೆ ಉಸಿರುಗಟ್ಟಿ ತುಟಿ ನೀಲಿಯಾಗುವುದೇ ಅಪಾಯದ ಲಕ್ಷಣ. ಈ ವ್ಯತ್ಯಾಸವನ್ನು ಅತ್ತೆಯವರಿಗೆ ಲಸಿಕೆಯ ದಿನ ಮಕ್ಕಳ ವೈದ್ಯರಿಂದಲೇ ಹೇಳಿಸಿದರೆ ಅವರಿಗೆ ಧೈರ್ಯ ಬರುತ್ತದೆ.

ಉತ್ತರ 2

ನಿಮ್ಮಿಬ್ಬರಿಗೂ ಒಪ್ಪಿಗೆಯಾಗುವ ದಾರಿ ನಮ್ಮ ಹಳೆಯ ಪದ್ಧತಿಯಲ್ಲಿಯೇ ಇದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಹಿಟ್ಟು ಮಾಡಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಸ್ವಲ್ಪ ಹೆಚ್ಚು ಹಾಕಿದರೂ ಸರಿ ಅಂಟಂಟಾಗದೆ ನುಣುಪಾಗಿರುತ್ತದೆ. ಅಂದರೆ ನುಂಗಲು ಸುಲಭ, ಶಕ್ತಿಯೂ ಹೆಚ್ಚು. ಹುರಿ ಅತಿಯಾದರೆ ಕಿಣ್ವ ನಾಶವಾಗಿ ಈ ಗುಣ ಹೋಗುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಬಿಸಿಲು ಸಾಲದೆ ಮೊಳಕೆಗೆ ಬೂಸಲು ಹಿಡಿಯಬಹುದು; ಸ್ವಲ್ಪವೇ ವಾಸನೆ ಬಂದರೂ ಅದನ್ನು ಬಳಸಬೇಡಿ.

ಉತ್ತರ 3

ರಾಗಿಯೊಂದೇ ಸಾಲದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜವಾದರೂ, ಅದರ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದು ಕಡಿಮೆ; ಹುಟ್ಟುವಾಗ ಮಗುವಿನಲ್ಲಿದ್ದ ಕಬ್ಬಿಣದ ಸಂಗ್ರಹವಾದರೋ ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ. ಆದ್ದರಿಂದ ಅನ್ನ ಮತ್ತು ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಮಸೆದು, ಒಂದು ಹನಿ ತುಪ್ಪ ಬೆರೆಸಿ ಬೇಗನೆ ಆರಂಭಿಸಿ. ಮನೆಯಲ್ಲಿ ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಕೊಡಬಹುದು. ಬೆಲ್ಲ, ಸಕ್ಕರೆ, ಉಪ್ಪು ಒಂದು ವರ್ಷದವರೆಗೆ ಬೇಡ. ಸಿಹಿ ಬೇಕೆನಿಸಿದರೆ ಮಸೆದ ಏಲಕ್ಕಿ ಬಾಳೆಹಣ್ಣು ಸಾಕು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು, ಬಾಟುಲಿಸಂ ಎಂಬ ತೀವ್ರ ಕಾಯಿಲೆಗೆ ಅದು ಕಾರಣವಾಗಬಹುದು. ನೀವು ಕೆಲಸಕ್ಕೆ ಹೊರಡುವ ಮುನ್ನವೂ ಮರಳಿದ ಕೂಡಲೇ ಕೂಡ ಎದೆಹಾಲು ಕೊಡಿ.