ವೈರ್‌ಶಾರ್ಕ್ ಟೈಮ್ ಕಾಲಂನಲ್ಲಿ ಯಾವ ಊರಿನ ಗಂಟೆ ಅಂತ ತೋರಿಸುವುದು ಹೇಗೆ?

ಪ್ಯಾಕೆಟ್‌ಪುರಾಣ:
ಬೆಂಗಳೂರಿನಲ್ಲಿ ನೆಟ್‌ವರ್ಕ್ ಸಪೋರ್ಟ್ ನನ್ನ ಕೆಲಸ. ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಹಿಡಿದು ತೋರಿಸುವ ವೈರ್‌ಶಾರ್ಕ್ ಬಳಸುತ್ತೇನೆ. ನಾವು ನೋಡಿಕೊಳ್ಳುವ ಸರ್ವರ್ ಇರುವುದು ಫ್ರಾಂಕ್‌ಫರ್ಟ್‌ನಲ್ಲಿ, ಅದರ ಲಾಗ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ). ಮೊನ್ನೆ ಒಂದು ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕಕ್ಕೆ ಮುನ್ನ ಎರಡೂ ಕಡೆ ನಡೆಯುವ ಮಾತುಕತೆ) ಅರ್ಧಕ್ಕೇ ಕಡಿದುಹೋಯಿತು. ಲಾಗ್‌ನಲ್ಲಿ 04:42:10. ಪ್ಯಾಕೆಟ್‌ಗಳನ್ನು ಹಿಡಿದಿಟ್ಟ ಕ್ಯಾಪ್ಚರ್ ಫೈಲನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ 10:12:10. ಜರ್ಮನಿಯ ಸಹೋದ್ಯೋಗಿ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ 06:42:10, ಅಲ್ಲೀಗ ಬೇಸಿಗೆ ಸಮಯ. ಮೂರೂ ಒಂದೇ ಪ್ಯಾಕೆಟ್!

ಅವರಿಗಾದರೆ ಗಂಟೆ ಮಾತ್ರ ಬದಲಾಗುತ್ತದೆ. ನಮ್ಮದು ಐದೂವರೆ, ನಿಮಿಷವೂ ಕೈಕೊಡುತ್ತದೆ. ಲಾಗ್‌ನಲ್ಲಿ 12ನೇ ನಿಮಿಷ ಹುಡುಕಿದರೆ ಏನು ಸಿಗುತ್ತದೆ, ಮಣ್ಣು. ಕಾಲಂ ಮೇಲೆ ಸುಮ್ನೆ ‘ಟೈಮ್’ ಅಂತಿದೆ, ಅಷ್ಟೇ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ತುಂಗಾತೀರ:
ಫೈಲ್‌ನಲ್ಲಿ ಇರುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು, ಜೊತೆಗೆ ಮೈಕ್ರೋಸೆಕೆಂಡು. ಹಳೇ ಪಿಕ್ಯಾಪ್ ಮಾದರಿಯ ಕ್ಯಾಪ್ಚರ್ ಫೈಲ್‌ನ ಹೆಡರ್‌ನಲ್ಲಿ (ಫೈಲ್‌ನ ಆರಂಭದ ಭಾಗ) ಟೈಮ್‌ಝೋನ್‌ಗೆ ಜಾಗ ಇದೆ, ಆದರೆ ಅದರಲ್ಲಿ ಸೊನ್ನೆ ತುಂಬುವುದೇ ರೂಢಿ. ಹಾಗಾಗಿ ತೆರೆದವರ ಕಂಪ್ಯೂಟರ್ ಯಾವ ಊರಿನದೋ ಆ ಊರಿನ ಗಂಟೆ ಕಾಣುತ್ತದೆ.

ವ್ಯೂ ಮೆನುವಿನ ಟೈಮ್ ಡಿಸ್‌ಪ್ಲೇ ಫಾರ್ಮ್ಯಾಟ್‌ನಲ್ಲಿ ಯುಟಿಸಿ ಆರಿಸಬಹುದು. ನಾನು ಮಾತ್ರ ಪ್ರಿಫರೆನ್ಸಸ್‌ಗೆ ಹೋಗಿ ಎರಡು ಕಾಲಂ ಇಟ್ಟುಕೊಂಡಿದ್ದೇನೆ, ಒಂದು ಲೋಕಲ್, ಇನ್ನೊಂದು ಯುಟಿಸಿ. ಕಾಲಂ ಹೆಸರನ್ನು ನಾವೇ ಬದಲಿಸಬಹುದಲ್ವಾ, ‘ಐಎಸ್‌ಟಿ’, ‘ಯುಟಿಸಿ’ ಅಂತಲೇ ಬರೆದುಬಿಡಿ. ಸ್ಕ್ರೀನ್‌ಶಾಟ್ ಕಳಿಸಿದಾಗ ಯಾರೂ ಮತ್ತೆ ಕೇಳುವುದಿಲ್ಲ.

ಲೇಟೆನ್ಸಿಲಕ್ಷ್ಮಿ:
ಹ್ಯಾಂಡ್‌ಶೇಕ್ ಕಡಿದಿದೆ ಅಂದರೆ ನಿಮಗೆ ಬೇಕಾದದ್ದು ಗಡಿಯಾರಕ್ಕಿಂತ ಜಾಸ್ತಿ ಪ್ಯಾಕೆಟ್‌ಗಳ ನಡುವಿನ ಅಂತರ. ಆ ಒಂದು ಟಿಸಿಪಿ ಸ್ಟ್ರೀಮ್ (ಒಂದೇ ಸಂಪರ್ಕದ ಪ್ಯಾಕೆಟ್‌ಗಳು) ಫಿಲ್ಟರ್ ಮಾಡಿ, ‘ಹಿಂದಿನ ಡಿಸ್‌ಪ್ಲೇ ಆದ ಪ್ಯಾಕೆಟ್‌ನಿಂದ’ ಅನ್ನುವ ಆಯ್ಕೆ ಹಾಕಿ. ‘ಹಿಂದಿನ ಕ್ಯಾಪ್ಚರ್ ಆದ ಪ್ಯಾಕೆಟ್’ ಬೇಡ, ಫಿಲ್ಟರ್‌ನಲ್ಲಿ ಮರೆಯಾದ ಪ್ಯಾಕೆಟ್‌ಗಳೂ ಅದರಲ್ಲಿ ಲೆಕ್ಕಕ್ಕೆ ಬಂದು ಅಂತರ ಚಿಕ್ಕದಾಗಿ ಕಾಣುತ್ತದೆ.

ಕ್ಲೈಂಟ್ ಹೆಲೋ (ಹ್ಯಾಂಡ್‌ಶೇಕ್‌ನಲ್ಲಿ ಕ್ಲೈಂಟ್ ಕಳಿಸುವ ಮೊದಲ ಸಂದೇಶ) ಮೇಲೆ ನಿಂತು ಕಂಟ್ರೋಲ್+ಟಿ ಒತ್ತಿದರೆ ಅಲ್ಲಿಂದ ಸೊನ್ನೆ ಶುರು. ಆದರೆ ಕ್ಯಾಪ್ಚರ್ ಶುರುವಿನಿಂದ ಎಣಿಸುವ ಫಾರ್ಮ್ಯಾಟ್ ಇದ್ದರೆ ಮಾತ್ರ ಇದು ಉಪಯೋಗ. ಫೈಲ್ ಮುಚ್ಚಿದರೆ ಆ ಗುರುತೂ ಹೋಗುತ್ತದೆ.

ಪ್ಯಾಕೆಟ್‌ಪುರಾಣ:
ಇಬ್ಬರಿಗೂ ಥ್ಯಾಂಕ್ಸ್. ಎರಡು ಕಾಲಂ ಹಾಕಿದ ಮೇಲೆ ಲಾಗ್‌ನ ಸಾಲು ತಕ್ಷಣ ಸಿಕ್ಕಿತು. ಅಂತರ ನೋಡಿದರೆ ಸರ್ವರ್ ಹೆಲೋ (ಅದಕ್ಕೆ ಸರ್ವರ್‌ನ ಉತ್ತರ) ಬೇಗನೇ ಬಂದಿದೆ, ಆಮೇಲೆ ಹತ್ತು ಸೆಕೆಂಡು ಕ್ಲೈಂಟ್ ಕಡೆಯಿಂದ ಉಸಿರೇ ಇಲ್ಲ, ಕೊನೆಗೆ ಸರ್ವರ್ರೇ ಫಿನ್ (ಸಂಪರ್ಕ ಮುಗಿಸುವ ಸಂದೇಶ) ಕಳಿಸಿದೆ. ಅಂದರೆ ತಪ್ಪು ಫ್ರಾಂಕ್‌ಫರ್ಟ್‌ನದಲ್ಲ. ಈಗ ಕ್ಲೈಂಟ್ ಕಡೆ ಕ್ಯಾಪ್ಚರ್ ಕೇಳಿದ್ದೇನೆ.

ಆದರೂ ನನ್ನ ತಕರಾರು ಹಾಗೇ ಇದೆ. ಹೊಸ ಆವೃತ್ತಿಗಳಲ್ಲಿ ಕೆಳಗಿನ ಫ್ರೇಮ್ ವಿವರದಲ್ಲಿ ಲೋಕಲ್, ಯುಟಿಸಿ, ಎಪಾಕ್ (1970ರಿಂದ ಎಣಿಸಿದ ಸೆಕೆಂಡುಗಳು) ಮೂರೂ ಹೆಸರು ಸಮೇತ ಇವೆ. ಎಲ್ಲರೂ ಕಣ್ಣಿಡುವ ಮೇಲಿನ ಪಟ್ಟಿಯಲ್ಲೇ ಇಲ್ಲ! ಅಲ್ಲೂ ತಾನಾಗಿ +5:30 ಅಂತ ಬಂದರೆ ಸಾಕು. ವೈರ್‌ಶಾರ್ಕ್‌ನವರ ಗಿಟ್‌ಲ್ಯಾಬ್‌ನಲ್ಲಿ (ದೋಷ, ಬೇಡಿಕೆ ದಾಖಲಿಸುವ ತಾಣ) ಯಾರಾದರೂ ಆಗಲೇ ಕೇಳಿದ್ದಾರಾ ಅಂತ ನೋಡಿ, ಇಲ್ಲದಿದ್ದರೆ ನಾನೇ ಬರೆಯುತ್ತೇನೆ.