ಸಹಾಯ ಬೇಕು: ಪುಸ್ತಕಕ್ಕೆ ಚಿತ್ರ ಬರೆಯುವವರು ನಮ್ಮ ಶಾಲೆಗೆ ಬರಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿಗ್ಗಾಂವಿ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನವೆಂಬರ್ 14ರ ಮಕ್ಕಳ ದಿನಾಚರಣೆ ಹೊತ್ತಿಗೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕಲಾವಿದರೊಬ್ಬರನ್ನು ಕರೆಸಬೇಕು ಅಂತಿದ್ದೇವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಅಂಥವರು ಗೊತ್ತಿದ್ದರೆ ತಿಳಿಸ್ತೀರಾ?

ಹಾರ, ಶಾಲು, ಭಾಷಣ ಬೇಡ. ಅವರು ಮಕ್ಕಳ ನಡುವೆ ಕೂತು, ಖಾಲಿ ಹಾಳೆಯಲ್ಲಿ ಒಂದು ಎಮ್ಮೆಯೋ ಕೋಳಿಯೋ ಮೂಡುವುದನ್ನು ತೋರಿಸಬೇಕು. ತಿದ್ದಿದ, ಅಳಿಸಿದ ಕಚ್ಚಾ ಚಿತ್ರಗಳನ್ನೂ ತಂದರೆ ಇನ್ನೂ ಚಂದ. ಪುಸ್ತಕದ ಚಿತ್ರವನ್ನೂ ಯಾರೋ ಒಬ್ಬರು ಕೂತು ಕೈಯಾರೆ ಬರೆದಿರುತ್ತಾರೆ ಅಂತ ನಮ್ಮ ಮಕ್ಕಳಿಗೆ ಗೊತ್ತಾಗಬೇಕು, ಅಲ್ವಾ?

ಅವರ ಪುಸ್ತಕಗಳನ್ನು ಮೊದಲೇ ತರಿಸಿ ಓದಿಸುತ್ತೇವೆ. ಓದದೆ ಕೂತರೆ ಮಕ್ಕಳು ಸುಮ್ನೆ ನೋಡ್ತಾರೆ, ಪ್ರಶ್ನೆ ಹುಟ್ಟುವುದಿಲ್ಲ. ಒಂದರಿಂದ ಮೂರನೇ ತರಗತಿವರೆಗಿನ, ಆಡುತ್ತಾ ಕಲಿಯುವ ನಲಿ-ಕಲಿ ಮಕ್ಕಳಿಗೆ ಬೇರೆ ಸಮಯ, ದೊಡ್ಡ ತರಗತಿಯವರಿಗೆ ಬೇರೆ.

ಗೌರವಧನ ಎಷ್ಟು ಕೊಟ್ಟರೆ ಸರಿ? ಅನುಭವ ಇದ್ದವರು ದಯವಿಟ್ಟು ಹೇಳಿ. ನಮ್ಮ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಹೋಗಿಬರುವ ಖರ್ಚಿಗೆ ಒಪ್ಪಿದ್ದಾರೆ. ಆದರೆ ಕಲಾವಿದರ ಒಂದು ದಿನದ ದುಡಿಮೆಗೂ ಕೊಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಶಿಗ್ಗಾಂವಿಗೆ ಹುಬ್ಬಳ್ಳಿ, ಹಾವೇರಿ ಎರಡೂ ಕಡೆಯಿಂದ ಬಸ್ಸಿದೆ. ಅಲ್ಲಿಂದ ನಾವೇ ಕರೆದುಕೊಂಡು ಬರುತ್ತೇವೆ. ಮಧ್ಯಾಹ್ನ ರೊಟ್ಟಿ ಊಟ ನಮ್ಮ ಮನೆಯಲ್ಲೇ.